ಡ್ಯಾನ್ಯೂಬ್ ಕ್ರೂಸ್: ಯಾವ ಊರಲ್ಲಿ ಗೈಡ್ ಬೇಕು, ಯಾವ ಊರಲ್ಲಿ ಬೇಡ

ಡ್ಯಾನ್ಯೂಬ್ ಕ್ರೂಸ್ ಅಂದರೆ ಸಾಮಾನ್ಯವಾಗಿ ಜರ್ಮನಿಯ ಪಸ್ಸೌನಿಂದ ಹಂಗೇರಿಯ ಬುಡಾಪೆಸ್ಟ್‌ವರೆಗೆ ಒಂದು ವಾರದ ಪ್ರಯಾಣ. ಸುಮಾರು 580 ಕಿಲೋಮೀಟರ್, ನಾಲ್ಕು ದೇಶ. ಟಿಕೆಟ್ ಬುಕ್ ಮಾಡಿದವರಿಗೆ ಕಂಪನಿಯವರು ಟೂರ್‌ಗಳ ಉದ್ದನೆಯ ಪಟ್ಟಿ ಕಳಿಸುತ್ತಾರೆ. ಊರಿಗೊಂದು ಉಚಿತ ಟೂರ್, ಜೊತೆಗೆ ಬೇರೆ ದುಡ್ಡು ಕೊಟ್ಟು ಸೇರಬೇಕಾದ ಎರಡು ಮೂರು. ಓದಿದರೆ ಎಲ್ಲವೂ ಬೇಕು ಅನಿಸುತ್ತದೆ. ಎಲ್ಲಕ್ಕೂ ಹೆಸರು ಕೊಟ್ಟರೆ ಮೂರನೇ ದಿನಕ್ಕೆ ಕಾಲು ಸೋಲುತ್ತದೆ, ಯಾವ ಚರ್ಚು ಯಾವ ಊರಿನದು ಅಂತಲೂ ನೆನಪಿರುವುದಿಲ್ಲ.

ಈ ದಾರಿಯಲ್ಲಿ ಕೆಲವು ಕಡೆ ಗೈಡ್ ಇಲ್ಲದೆ ಹೋದರೆ ಕಣ್ಣೆದುರಿಗೆ ಇರುವುದೂ ಅರ್ಥವಾಗುವುದಿಲ್ಲ. ಇನ್ನು ಕೆಲವು ಕಡೆ ಗೈಡ್ ಹಿಡಿದ ಕೊಡೆಯ ಹಿಂದೆ ಓಡಿದರೆ ಊರೇ ಕೈಗೆ ಸಿಗುವುದಿಲ್ಲ. ಎಲ್ಲಿ ಯಾವುದು ಅನ್ನುವುದನ್ನು ಮನೆಯಲ್ಲೇ ಕೂತು ತೀರ್ಮಾನ ಮಾಡಿಕೊಂಡು ಹೊರಡಬಹುದು.

ಹಂತ 1: ಬುಕ್ ಮಾಡುವ ಮೊದಲು ಕೇಳಬೇಕಾದ್ದು

ಏಜೆಂಟರ ಹತ್ತಿರ ಎರಡು ವಿಷಯ ಕೇಳಿ. ಹಡಗು ಪ್ರತಿ ಊರಲ್ಲೂ ಎಲ್ಲಿ ನಿಲ್ಲುತ್ತದೆ? ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ಹೊರಡುತ್ತದೆ? ಬ್ರೋಷರ್‌ನಲ್ಲಿ ‘ವಿಯೆನ್ನಾ’ ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅಲ್ಲಿ ಪೂರ್ತಿ ದಿನ ಇರುತ್ತದೋ, ಮಧ್ಯಾಹ್ನ ಬಂದು ಸಂಜೆ ಹೊರಟುಬಿಡುತ್ತದೋ ಅನ್ನುವುದು ಸಣ್ಣಕ್ಷರದಲ್ಲಿ ಇರುತ್ತದೆ. ವಿಯೆನ್ನಾ, ಬುಡಾಪೆಸ್ಟ್ ಎರಡರಲ್ಲೂ ರಾತ್ರಿ ತಂಗುವ ಹಡಗು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಆಮೇಲೆ ದಿಕ್ಕು. ಇದೇ ದಾರಿಯನ್ನು ಬುಡಾಪೆಸ್ಟ್‌ನಿಂದ ಪಸ್ಸೌಗೂ ಮಾಡಿಸುತ್ತಾರೆ. ನನಗೆ ಕೇಳಿದರೆ ನೀರು ಹರಿಯುವ ದಿಕ್ಕಿನಲ್ಲೇ ಹೋಗಿ, ಬುಡಾಪೆಸ್ಟ್‌ನಲ್ಲಿ ಮುಗಿಸಿ. ಸಣ್ಣ ಊರುಗಳಿಂದ ಶುರುವಾಗಿ ಊರು ದೊಡ್ಡದಾಗುತ್ತಾ ಹೋಗುತ್ತದೆ. ಬುಡಾಪೆಸ್ಟ್ ನೋಡಿದ ಮೇಲೆ ಪಸ್ಸೌ ನೋಡಿದರೆ ಪಾಪ ಪಸ್ಸೌಗೆ ಅನ್ಯಾಯ.

ತಿಂಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಇದು ನದಿ, ಸಮುದ್ರ ಅಲ್ಲ. ಆಲ್ಪ್ಸ್‌ನ ಹಿಮ ಕರಗಿ, ಮೇಲೆ ಮಳೆಯೂ ಬಂದರೆ ನೀರು ಏರುತ್ತದೆ. ಆಗ ಸೇತುವೆಯ ಕೆಳಗೆ ಹಡಗು ನುಸುಳುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಳೆ ಕೈಕೊಟ್ಟರೆ ತಳ ತಾಗುತ್ತದೆ. ಬವೇರಿಯಾದ ಸ್ಟ್ರೌಬಿಂಗ್‌ನಿಂದ ವಿಲ್ಸ್‌ಹೋಫೆನ್‌ವರೆಗೆ ಸುಮಾರು 70 ಕಿಲೋಮೀಟರ್ ಅಣೆಕಟ್ಟು ಇಲ್ಲದ ತುಂಡು ಇದೆ. ಬೇಸಿಗೆಯಲ್ಲಿ ಹಡಗುಗಳು ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ನ್ಯೂರೆಂಬರ್ಗ್‌ನಿಂದ ಹೊರಡುವ ಹಡಗು ಈ ತುಂಡನ್ನು ದಾಟಲೇಬೇಕು. ಪಸ್ಸೌನಿಂದ ಹೊರಡುವುದಕ್ಕೆ ಆ ಗೋಳಿಲ್ಲ. ದಾಟಲಾಗದಿದ್ದರೆ ಕಂಪನಿಯವರು ನಿಮ್ಮನ್ನು ಬಸ್ಸಿನಲ್ಲಿ ಕೂರಿಸಿ, ಆಚೆ ನಿಂತಿರುವ ಇನ್ನೊಂದು ಹಡಗಿಗೆ ಹತ್ತಿಸುತ್ತಾರೆ. ಅಂಥ ಬದಲಾವಣೆಗೆ ಹಣ ವಾಪಸ್ ಕೊಡುತ್ತಾರಾ ಅಂತ ಷರತ್ತುಗಳಲ್ಲಿ ನೋಡಿಕೊಳ್ಳಿ.

ಮೇ ಕೊನೆ, ಜೂನ್ ಒಳ್ಳೆಯ ಕಾಲ. ಆಪ್ರಿಕಾಟ್ ತಿನ್ನುವ ಆಸೆ ಇದ್ದರೆ ಜುಲೈ. ಕ್ರಿಸ್ಮಸ್ ಸಂತೆಗಾಗಿ ನವೆಂಬರ್ ಕೊನೆಯಿಂದ ಹೊರಡುವ ಹಡಗುಗಳೂ ಇವೆ. ಆದರೆ ಆಗ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಹಡಗಿನಿಂದ ದಡ ನೋಡುವುದನ್ನು ಮರೆತುಬಿಡಿ.

ಹಂತ 2: ವೀಸಾ

ಜರ್ಮನಿ, ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ ನಾಲ್ಕೂ ಷೆಂಗೆನ್ ದೇಶಗಳು. ಒಂದೇ ವೀಸಾ ಸಾಕು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಕ್ರೂಸ್‌ನಲ್ಲಿ ಇದೇ ಗೊಂದಲ. ಹಡಗಿನ ವೇಳಾಪಟ್ಟಿ ಇಟ್ಟುಕೊಂಡು ಯಾವ ರಾತ್ರಿ ಯಾವ ದೇಶ ಅಂತ ಪೆನ್ಸಿಲ್‌ನಲ್ಲಿ ಬರೆದು ಎಣಿಸಿ. ಹೆಚ್ಚಿನ ವೇಳಾಪಟ್ಟಿಗಳಲ್ಲಿ ಆಸ್ಟ್ರಿಯಾದ ರಾತ್ರಿಗಳೇ ಜಾಸ್ತಿ ಬರುತ್ತವೆ. ಆದರೆ ಮ್ಯೂನಿಕ್‌ನಲ್ಲಿ ಮಗಳ ಮನೆಯಲ್ಲಿ ಎರಡು ವಾರ ಇದ್ದು ಆಮೇಲೆ ಕ್ರೂಸ್ ಹತ್ತುವ ಅಪ್ಪ ಅಮ್ಮಂದಿರಿಗೆ ಲೆಕ್ಕ ಬೇರೆ, ಅವರದು ಜರ್ಮನಿಯ ವೀಸಾ.

ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ಇನ್ಶೂರೆನ್ಸ್ ಕಡ್ಡಾಯ. ಹಡಗಿನ ಬುಕಿಂಗ್ ಪತ್ರದಲ್ಲಿ ಪ್ರತಿಯೊಬ್ಬರ ಹೆಸರೂ ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಲಿ. ನಮ್ಮ ಇನಿಷಿಯಲ್‌ಗಳ ಕಥೆ ಗೊತ್ತಲ್ಲ! ಬುಡಾಪೆಸ್ಟ್ ದಾಟಿ ಬೆಲ್‌ಗ್ರೇಡ್‌ಗೂ ಹೋಗುವ ಉದ್ದನೆಯ ಕ್ರೂಸ್ ಆದರೆ ಎಚ್ಚರ. ಸರ್ಬಿಯಾ ಷೆಂಗೆನ್‌ನಲ್ಲಿ ಇಲ್ಲ. ಹೊರಗೆ ಹೋಗಿ ಮತ್ತೆ ಒಳಗೆ ಬರಲು ಮಲ್ಟಿಪಲ್ ಎಂಟ್ರಿ ವೀಸಾ ಬೇಕಾಗುತ್ತದೆ.

ಹಂತ 3: ಹಡಗಿನ ದಿನಚರಿ ತಿಳಿದುಕೊಳ್ಳಿ

ಈ ಹಡಗುಗಳು ಉದ್ದವಾಗಿ, ಸಪೂರವಾಗಿ ಇರುತ್ತವೆ. ಸುಮಾರು 135 ಮೀಟರ್ ಉದ್ದ, ಹನ್ನೊಂದೂವರೆ ಮೀಟರ್‌ಗೂ ಕಡಿಮೆ ಅಗಲ. ನ್ಯೂರೆಂಬರ್ಗ್ ಕಡೆಯ ಮೈನ್-ಡ್ಯಾನ್ಯೂಬ್ ಕಾಲುವೆಯ ಕಿರಿದಾದ ಲಾಕ್‌ಗಳಲ್ಲೂ ನುಸುಳುವಂತೆ ಕಟ್ಟಿರುತ್ತಾರೆ. ಲಾಕ್ ಅಂದರೆ ಎರಡು ಗೇಟುಗಳ ನಡುವಿನ ತೊಟ್ಟಿ. ಹಡಗು ಒಳಗೆ ಬಂದ ಮೇಲೆ ನೀರು ಇಳಿಸಿ, ಅಣೆಕಟ್ಟಿನ ಕೆಳಗಿನ ಮಟ್ಟಕ್ಕೆ ಬಿಡುತ್ತಾರೆ. ಒಮ್ಮೆಯಾದರೂ ಹಗಲಲ್ಲಿ ಡೆಕ್ ಮೇಲೆ ನಿಂತು ನೋಡಿ. ಪಕ್ಕದ ಕಾಂಕ್ರೀಟ್ ಗೋಡೆಗೂ ಹಡಗಿಗೂ ನಡುವೆ ಒಂದು ಗೇಣು ಜಾಗ ಇರುತ್ತದೆ. ಪಾಚಿ ಹಿಡಿದ ಒದ್ದೆ ಗೋಡೆ ಕಣ್ಣೆದುರೇ ಮೇಲೆ ಹೋಗುತ್ತಿದೆ ಅನಿಸುತ್ತದೆ. ಇಳಿಯುತ್ತಿರುವುದು ನಾವು.

ಹಿಂದಿನ ಸಂಜೆಯೇ ಮಾರನೇ ದಿನದ ಕಾರ್ಯಕ್ರಮದ ಹಾಳೆ ಕ್ಯಾಬಿನ್‌ಗೆ ಬರುತ್ತದೆ. ಅದರಲ್ಲಿ ಹಡಗು ಹೊರಡುವ ಸಮಯ, ಎಲ್ಲರೂ ಹತ್ತಿರಬೇಕಾದ ಸಮಯ ಎರಡೂ ಬೇರೆ ಬೇರೆ ಇರುತ್ತವೆ. ಎರಡನೆಯದನ್ನು ನೆನಪಿಡಿ. ಆ ಹಾಳೆಯ ಫೋಟೋ ಫೋನಿನಲ್ಲಿರಲಿ. ಹಡಗಿನ ಫೋನ್ ನಂಬರ್, ನಿಂತಿರುವ ಜಾಗದ ಹೆಸರು ಅದರಲ್ಲೇ ಇರುತ್ತವೆ. ಇಳಿಯುವಾಗ ಕ್ಯಾಬಿನ್ ಕಾರ್ಡ್ ತೋರಿಸಿ, ಬಂದಾಗ ಮತ್ತೆ ತೋರಿಸಿ. ಯಾರು ಹೊರಗಿದ್ದಾರೆ ಅನ್ನುವುದು ರಿಸೆಪ್ಷನ್‌ಗೆ ಗೊತ್ತಾಗುವುದೇ ಅದರಿಂದ.

ಇನ್ನೊಂದು ವಿಷಯ ಯಾವ ಬ್ರೋಷರ್‌ನಲ್ಲೂ ಎದ್ದು ಕಾಣುವಂತೆ ಬರೆದಿರುವುದಿಲ್ಲ. ಜಾಗ ಸಾಲದ ಊರುಗಳಲ್ಲಿ ಎರಡು ಮೂರು ಹಡಗುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸುತ್ತಾರೆ. ದಡಕ್ಕೆ ಹೋಗಲು ಪಕ್ಕದ ಹಡಗಿನ ಲಾಬಿಯ ಮೂಲಕವೇ ನಡೆಯಬೇಕು. ನೀವು ದುಬಾರಿ ದುಡ್ಡು ಕೊಟ್ಟ ಬಾಲ್ಕನಿಯ ಎದುರಿಗೆ ಇನ್ನೊಬ್ಬರ ಬಾಲ್ಕನಿ ಬಂದು ನಿಂತಿರುತ್ತದೆ. ಪರದೆ ಎಳೆದುಕೊಂಡೇ ಬಟ್ಟೆ ಬದಲಾಯಿಸಿ! ಕ್ಯಾಬಿನ್‌ಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಊರುಗಳಲ್ಲಿ ಖರ್ಚು ಮಾಡುವುದು ಮೇಲು ಅಂತ ನಾನು ಹೇಳುವುದು ಇದಕ್ಕೇ.

ಊಟದ ವಿಷಯ ಬುಕ್ ಮಾಡುವಾಗಲೇ ಬರೆದು ತಿಳಿಸಿ. ಅಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಇದ್ದೇ ಇರುತ್ತದೆ. ಮೊಟ್ಟೆಯೂ ಬೇಡ ಅಂದರೆ ಬೇರೆಯಾಗಿ ಹೇಳಬೇಕು. ಸೂಪು ನೋಡಲು ಬರೀ ತರಕಾರಿ ಇದ್ದರೂ ಮಾಂಸದ ಸಾರಿನಲ್ಲಿ ಮಾಡಿರಬಹುದು, ಕೇಳಿಯೇ ಬಟ್ಟಲು ತೆಗೆದುಕೊಳ್ಳಿ. ಚಟ್ನಿಪುಡಿ ಒಯ್ಯಿರಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಪಸ್ಸೌ: ನೀವೇ ನಡೆಯಿರಿ

ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ ಇದೆ. ಮ್ಯೂನಿಕ್‌ನಿಂದ ಪಸ್ಸೌಗೆ ರೈಲಿನಲ್ಲಿ ಎರಡೂ ಚಿಲ್ಲರೆ ಗಂಟೆ. ಹಡಗು ಹೊರಡುವ ಹಿಂದಿನ ದಿನವೇ ಬಂದು ಸೇರಿಕೊಳ್ಳಿ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ.

ಇದು ಮೂರು ನದಿ ಸೇರುವ ಊರು. ಡ್ಯಾನ್ಯೂಬ್, ಇನ್, ಇಲ್ಟ್ಸ್. ಹಳೇ ಊರಿನ ತುದಿಗೆ ನಡೆದು ಹೋದರೆ ಸಂಗಮ ಕಾಣುತ್ತದೆ. ಇನ್ ಆಲ್ಪ್ಸ್‌ನಿಂದ ಬರುವುದರಿಂದ ನೀರು ಬೂದು ಹಸಿರು. ಇಲ್ಟ್ಸ್ ಜೌಗು ನೆಲದಿಂದ ಬರುವುದರಿಂದ ಕಪ್ಪು. ಸೇರಿದ ಮೇಲೂ ಸ್ವಲ್ಪ ದೂರ ಬಣ್ಣಗಳು ಬೇರೆ ಬೇರೆಯಾಗೇ ಹರಿಯುತ್ತವೆ. ವರ್ಷದ ಸರಾಸರಿ ತೆಗೆದರೆ ಇಲ್ಲಿ ಇನ್ ನದಿಯಲ್ಲೇ ನೀರು ಜಾಸ್ತಿ. ಆದರೂ ಮುಂದೆ ಹೆಸರು ಉಳಿದದ್ದು ಡ್ಯಾನ್ಯೂಬ್‌ದು!

ಅಲ್ಲಿಂದ ವಾಪಸ್ ಬರುವಾಗ ಪುರಭವನದ ಗೋಪುರದ ಗೋಡೆ ನೋಡಿ. ಪ್ರವಾಹ ಬಂದ ವರ್ಷಗಳನ್ನು, ನೀರು ಎಲ್ಲಿಯವರೆಗೆ ಬಂದಿತ್ತು ಅನ್ನುವ ಗೆರೆಗಳನ್ನು ಬರೆದಿದ್ದಾರೆ. ತಲೆ ಎತ್ತಿ ನೋಡಬೇಕು. 2013ರ ಜೂನ್‌ನಲ್ಲಿ ನೀರು 12.89 ಮೀಟರ್‌ಗೆ ಏರಿತ್ತು. 1501ರ ನಂತರ ಅಷ್ಟು ಎತ್ತರಕ್ಕೆ ಬಂದಿರಲಿಲ್ಲ.

ಸಂತ ಸ್ಟೀಫನ್ ಕೆಥೆಡ್ರಲ್‌ನ ಆರ್ಗನ್ ವಾದ್ಯಕ್ಕೆ 17,974 ಕೊಳವೆಗಳಿವೆ. ಮಧ್ಯಾಹ್ನದ ಕಛೇರಿ ಇದೆಯಾ ಅಂತ ಮೊದಲೇ ವಿಚಾರಿಸಿ. ಅರ್ಧ ಗಂಟೆಯ ಕಾರ್ಯಕ್ರಮ. ದೊಡ್ಡ ಕೊಳವೆಗಳು ನುಡಿದಾಗ ಕೂತ ಬೆಂಚಿನ ಮರ ಅದುರುವುದು ಕೈಗೆ ಗೊತ್ತಾಗುತ್ತದೆ. ಇಷ್ಟಕ್ಕೆ ಗೈಡ್ ಬೇಕಿಲ್ಲ, ಊರೇ ಅಷ್ಟು ಸಣ್ಣದು.

ಲಿಂಟ್ಸ್: ಬಸ್ ಹತ್ತಬೇಕಾ?

ಲಿಂಟ್ಸ್‌ನಲ್ಲಿ ನಿಂತಾಗ ಹೆಚ್ಚಿನ ಕಂಪನಿಗಳು ಸಾಲ್ಸ್‌ಬರ್ಗ್‌ಗೋ, ಚೆಕ್ ದೇಶದ ಚೆಸ್ಕಿ ಕ್ರುಮ್ಲೋವ್‌ಗೋ ಬಸ್ ಟೂರ್ ಮಾರುತ್ತವೆ. ಹೋಗಿ ಬರುವುದರಲ್ಲೇ ಅರ್ಧ ದಿನ ಬಸ್ಸಿನಲ್ಲಿ ಕಳೆಯುತ್ತದೆ. ಎರಡರಲ್ಲಿ ಒಂದು ಅಂದರೆ ಕ್ರುಮ್ಲೋವ್. ನದಿ ಸುತ್ತಿಕೊಂಡಿರುವ ಪುಟ್ಟ ಊರು, ಬಸ್ ಪ್ರಯಾಣವೂ ಕಡಿಮೆ. ಸಾಲ್ಸ್‌ಬರ್ಗ್‌ಗೆ ಮೂರು ಗಂಟೆ ಸಾಲದು, ಅದನ್ನು ಇನ್ನೊಂದು ಸಲ ರೈಲಿನಲ್ಲಿ ಹೋಗಿ ನೋಡಿ. ಬಸ್ ಬೇಡ ಅನ್ನುವವರು ಲಿಂಟ್ಸ್‌ನ ದೊಡ್ಡ ಚೌಕದಿಂದಲೇ ಪ್ಯೋಸ್ಟ್‌ಲಿಂಗ್‌ಬೆರ್ಗ್ ಬೆಟ್ಟಕ್ಕೆ ಟ್ರಾಮ್ ಹತ್ತಬಹುದು.

ಮೆಲ್ಕ್: ಗೈಡ್ ಜೊತೆಯೇ ಹೋಗಿ

ಇಡೀ ದಾರಿಯಲ್ಲಿ ಗೈಡ್ ಬೇಕೇ ಬೇಕು ಅನ್ನುವ ಜಾಗ ಇದು. ಬಂಡೆಯ ಮೇಲೆ ಹಳದಿ ಬಣ್ಣದ ದೊಡ್ಡ ಮಠ. 1089ರಿಂದ ಬೆನೆಡಿಕ್ಟೀನ್ ಸನ್ಯಾಸಿಗಳು ಇಲ್ಲಿದ್ದಾರೆ, ಈಗಲೂ ಇದ್ದಾರೆ, ಒಂದು ಶಾಲೆಯನ್ನೂ ನಡೆಸುತ್ತಾರೆ. ಈಗ ಕಾಣುವ ಕಟ್ಟಡ 1702ರಲ್ಲಿ ಶುರುವಾಗಿ 1736ಕ್ಕೆ ಮುಗಿದದ್ದು. ಕಟ್ಟಿಸಿದ ವಾಸ್ತುಶಿಲ್ಪಿ ಯಾಕೋಬ್ ಪ್ರಾಂಟ್‌ಟೌವರ್.

ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಫೋನ್ ಜೇಬಿಗೆ ಹಾಕಿ ಕಣ್ಣಿಗೆ ಕೆಲಸ ಕೊಡಿ. ಮಾರ್ಬಲ್ ಹಾಲ್ ಅಂತ ಕರೆಯುವ ಕೋಣೆಯಲ್ಲಿ ಬಾಗಿಲ ಚೌಕಟ್ಟು ಮಾತ್ರ ನಿಜವಾದ ಅಮೃತಶಿಲೆ. ಗೋಡೆಯೆಲ್ಲ ಅಮೃತಶಿಲೆಯಂತೆ ಕಾಣುವ ಗಾರೆ ಕೆಲಸ. ಎರಡನ್ನೂ ಅಂಗೈಯಲ್ಲಿ ಮುಟ್ಟಿದರೆ ವ್ಯತ್ಯಾಸ ಗೊತ್ತಾಗುತ್ತದೆ ಅಂತ ಗೈಡ್‌ಗಳು ಹೇಳುತ್ತಾರೆ, ಕಲ್ಲು ತಣ್ಣಗೆ, ಗಾರೆ ಅಷ್ಟಿಲ್ಲ. ಚಾವಣಿಯ ಚಿತ್ರ ಬರೆದವರು ಪೌಲ್ ಟ್ರೋಗರ್. ಕೋಣೆಯ ನಡುವೆ ನಿಂತರೆ ಅದರಲ್ಲಿನ ಕಂಬಗಳು ಮೇಲಕ್ಕೆ ನೆಟ್ಟಗೆ ಎದ್ದಂತೆ ಕಾಣುತ್ತವೆ. ಅಲ್ಲಿಂದ ಮೂಲೆಗೆ ಹೋಗಿ ನೋಡಿ, ಅವೇ ಕಂಬಗಳು ವಾಲಿಕೊಂಡು ಬೀಳುವ ಹಾಗಿವೆ. ಚಾವಣಿ ನಿಜಕ್ಕೂ ಹೆಚ್ಚುಕಮ್ಮಿ ಚಪ್ಪಟೆ. ಇಂಥದ್ದನ್ನು ಯಾರಾದರೂ ತೋರಿಸಿಕೊಡಬೇಕು. ಇಲ್ಲದಿದ್ದರೆ ‘ತುಂಬಾ ಚೆನ್ನಾಗಿದೆ’ ಅಂತ ಹೇಳಿ ಮುಂದೆ ಹೋಗಿಬಿಡುತ್ತೇವೆ, ಅಲ್ವಾ?

ಅದರ ಮುಂದಿನದು ತೆರೆದ ತಾರಸಿ, ನದಿಯ ನೋಟ. ಆಮೇಲೆ ಗ್ರಂಥಾಲಯ. ಸುಮಾರು ಒಂದು ಲಕ್ಷ ಪುಸ್ತಕಗಳ ಸಂಗ್ರಹ, ನೀವು ಕಾಣುವ ಕೋಣೆಗಳಲ್ಲಿ ಇರುವುದು ಅದರಲ್ಲಿ ಒಂದು ಪಾಲು ಮಾತ್ರ. ಅಲ್ಲಿಂದ ಸುರುಳಿ ಮೆಟ್ಟಿಲಲ್ಲಿ ಇಳಿದರೆ ಚಿನ್ನದ ಬಣ್ಣ ತುಂಬಿದ ಚರ್ಚು. ಟೂರ್ ಒಂದು ಗಂಟೆಯಲ್ಲಿ ಮುಗಿಯುತ್ತದೆ. ವಾಪಸ್ ಬರುವಾಗ ಬಸ್ ಬಿಟ್ಟು ಊರೊಳಗೆ ಇಳಿದು ಹಡಗಿನವರೆಗೆ ನಡೆಯಬಹುದು, ಇಳಿಜಾರು ದಾರಿ. ಮಂಡಿ ನೋವಿದ್ದವರು ಬಸ್ಸನ್ನೇ ಹಿಡಿಯಿರಿ.

ವಾಖಾವ್ ಕಣಿವೆ: ಎಲ್ಲಿಗೂ ಹೋಗಬೇಡಿ, ಡೆಕ್ ಮೇಲೆ ಕೂರಿ

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ಸುಮಾರು 36 ಕಿಲೋಮೀಟರ್ ಇಡೀ ನದಿಯಲ್ಲಿ ಚೆಂದದ ತುಂಡು. 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಇಲ್ಲಿ ಸೈಕಲ್ ಟೂರ್ ಮಾರುತ್ತಾರೆ, ಸೈಕಲ್ ಅಭ್ಯಾಸ ಇದ್ದವರಿಗೆ ಅದು ಒಳ್ಳೆಯದೇ. ಉಳಿದವರು ಊಟ ಬೇಗ ಮುಗಿಸಿ ಮೇಲಿನ ಡೆಕ್‌ನಲ್ಲಿ ಕುರ್ಚಿ ಹಿಡಿಯಿರಿ. ಹಡಗು ಹೊರಡುವುದೂ ಊಟ ಬಡಿಸುವುದೂ ಒಂದೇ ಹೊತ್ತಿಗೆ ಬಂದರೆ ಊಟ ಬಿಡಿ. ಬುಫೆ ನಾಳೆಯೂ ಇರುತ್ತದೆ.

ಹಡಗು ಹೋಗುವ ದಿಕ್ಕಿಗೆ ಮುಖ ಮಾಡಿ ಕೂತರೆ ಮೊದಲು ಬಲಕ್ಕೆ, ನೀರಿನ ಅಂಚಿಗೇ ಷೋನ್‌ಬ್ಯುಹೆಲ್ ಕೋಟೆಮನೆ. ಆಮೇಲೆ ಮತ್ತೆ ಬಲಕ್ಕೆ, ನದಿಯಿಂದ 300 ಮೀಟರ್ ಮೇಲೆ ಆಗ್‌ಸ್ಟೈನ್ ಪಾಳುಕೋಟೆ. ಎಡಕ್ಕೆ ವಿಲೆನ್‌ಡೋರ್ಫ್ ಅನ್ನುವ ಹಳ್ಳಿ. 1908ರಲ್ಲಿ ಇಲ್ಲೇ ಹನ್ನೊಂದು ಸೆಂಟಿಮೀಟರ್ ಎತ್ತರದ ಒಂದು ಹೆಣ್ಣಿನ ಕಲ್ಲುಬೊಂಬೆ ಸಿಕ್ಕಿತು. ಅದಕ್ಕೆ 25,000 ವರ್ಷಕ್ಕೂ ಹೆಚ್ಚು ವಯಸ್ಸು. ಹಳ್ಳಿಯಲ್ಲಿ ಇಳಿದು ಹುಡುಕಬೇಡಿ, ಬೊಂಬೆ ಇರುವುದು ವಿಯೆನ್ನಾದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ. ಅದಾದ ಮೇಲೆ ಎಡಕ್ಕೆ ಸ್ಪಿಟ್ಸ್, ವೈಸೆನ್‌ಕಿರ್ಶೆನ್, ಬೆಟ್ಟದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ.

ದಡದಲ್ಲಿ ಆಗಾಗ ಅಂಕಿ ಬರೆದ ಫಲಕ ಕಾಣುತ್ತದೆ. ಅದು ನದಿಯ ಕಿಲೋಮೀಟರ್ ಕಲ್ಲು. ಡ್ಯಾನ್ಯೂಬ್ ಅನ್ನು ಕಪ್ಪು ಸಮುದ್ರದಿಂದ ಮೇಲಕ್ಕೆ ಅಳೆಯುತ್ತಾರೆ. ಪಸ್ಸೌ ಹತ್ತಿರ ಸುಮಾರು 2225, ವಿಯೆನ್ನಾದಲ್ಲಿ 1930ರ ಆಸುಪಾಸು, ಬುಡಾಪೆಸ್ಟ್‌ನಲ್ಲಿ 1650ರ ಹತ್ತಿರ. ಫೋನ್ ಸಿಗ್ನಲ್ ಇಲ್ಲದಾಗ ಎಲ್ಲಿದ್ದೀವಿ ಅಂತ ತಿಳಿಯಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಡ್ಯೂರ್ನ್‌ಸ್ಟೈನ್: ಒಬ್ಬರೇ ಬೆಟ್ಟ ಹತ್ತಿ

ನೀಲಿ ಬಿಳಿ ಬಣ್ಣದ ಚರ್ಚ್ ಗೋಪುರ ಕಂಡರೆ ಡ್ಯೂರ್ನ್‌ಸ್ಟೈನ್ ಬಂತು ಅಂತ ಅರ್ಥ. ಇರುವುದು ಒಂದೇ ಮುಖ್ಯ ಬೀದಿ. ಅದಕ್ಕೆ ಗೈಡ್ ಟೂರ್ ತೆಗೆದುಕೊಂಡರೆ ಕೊನೆಗೆ ಸೇರುವುದು ವೈನ್ ಅಂಗಡಿಗೇ. ಬದಲಿಗೆ ಮೇಲಿನ ಪಾಳುಕೋಟೆಗೆ ಹತ್ತಿ, ಅರ್ಧ ಗಂಟೆ ಸಾಕು. ಕಲ್ಲು ದಾರಿ, ನೀರಿನ ಬಾಟಲಿ ಇರಲಿ. ಮೂರನೇ ಕ್ರುಸೇಡ್ ಧರ್ಮಯುದ್ಧ ಮುಗಿಸಿ ವಾಪಸ್ ಹೋಗುತ್ತಿದ್ದ ಇಂಗ್ಲೆಂಡಿನ ರಾಜ ಒಂದನೇ ರಿಚರ್ಡ್‌ನನ್ನು ಆಸ್ಟ್ರಿಯಾದ ಡ್ಯೂಕ್ ಐದನೇ ಲಿಯೋಪೋಲ್ಡ್ 1192ರ ಚಳಿಗಾಲದಲ್ಲಿ ಹಿಡಿದು ಇಲ್ಲಿ ಕೂಡಿಹಾಕಿದ್ದ. ಬಿಡಿಸಿಕೊಳ್ಳಲು ಇಂಗ್ಲೆಂಡು ತೆತ್ತ ಹಣದಲ್ಲಿ ಒಂದು ಪಾಲು ವಿಯೆನ್ನಾದ ಕೋಟೆಗೋಡೆಗೆ ಹೋಯಿತು.

ಕೆಳಗೆ ಬಂದ ಮೇಲೆ ಆಪ್ರಿಕಾಟ್ ಜಾಮ್ ಕೊಳ್ಳಿ. ಅಲ್ಲಿ ಅದನ್ನು ಮರಿಲ್ಲೆ ಅನ್ನುತ್ತಾರೆ. ಇಡೀ ಹಣ್ಣನ್ನು ಹಿಟ್ಟಿನೊಳಗೆ ಇಟ್ಟು ಬೇಯಿಸಿ, ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿದ ಮರಿಲ್ಲೆನ್ ಕ್ನ್ಯೋಡೆಲ್ ಸಿಕ್ಕರೆ ಬಿಡಬೇಡಿ. ನಮ್ಮ ಕಡುಬಿನ ಹಾಗೇ, ಒಳಗೆ ಹೂರಣದ ಬದಲು ಹುಳಿ ಸಿಹಿ ಹಣ್ಣು.

ವಿಯೆನ್ನಾ: ಮೆಟ್ರೋ ಹತ್ತಿ

ವಿಯೆನ್ನಾದಲ್ಲಿ ಹಡಗು ಊರ ನಡುವೆ ನಿಲ್ಲುವುದಿಲ್ಲ. 1870ರ ದಶಕದಲ್ಲಿ ಪ್ರವಾಹ ತಡೆಯಲು ನದಿಯ ದಾರಿಯನ್ನೇ ನೇರ ಮಾಡಿದರು. ಹಳೇ ಊರಿನ ಪಕ್ಕ ಉಳಿದದ್ದು ಕಾಲುವೆ ಮಾತ್ರ. ಹೆಚ್ಚಿನ ಹಡಗುಗಳು ರೈಖ್ಸ್‌ಬ್ರ್ಯುಕೆ ಸೇತುವೆಯ ಹತ್ತಿರ ನಿಲ್ಲುತ್ತವೆ. ಇಲ್ಲಿ ಉಚಿತ ಬಸ್ ಟೂರ್ ತೆಗೆದುಕೊಂಡರೆ ಹಳೇ ಊರನ್ನು ಸುತ್ತುವ ರಿಂಗ್ ರಸ್ತೆಯನ್ನು ಕಿಟಕಿಯಿಂದ ತೋರಿಸಿ, ಒಂದು ಗಂಟೆ ಬಿಟ್ಟು, ವಾಪಸ್ ಕರೆತರುತ್ತಾರೆ. ಬೇಡ ಅನ್ನಿ.

ಹೀಗೆ ಮಾಡಿ. ಸೇತುವೆಯಿಂದ ಹತ್ತು ನಿಮಿಷದೊಳಗೆ ಫೋರ್‌ಗಾರ್ಟೆನ್‌ಸ್ಟ್ರಾಸೆ ಮೆಟ್ರೋ ನಿಲ್ದಾಣ. ಯಂತ್ರದಲ್ಲಿ ಇಡೀ ದಿನದ ಟಿಕೆಟ್ ತೆಗೆಯಿರಿ. ಕಾಗದದ ಟಿಕೆಟ್ ಆದರೆ ಮುದ್ರೆ ಬಿದ್ದಿದೆಯಾ ನೋಡಿ. ಬಿದ್ದಿಲ್ಲದಿದ್ದರೆ ಒಳಗೆ ಹೋಗುವ ಮೊದಲು ನಿಲ್ದಾಣದ ಸಣ್ಣ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಿ. ಗೇಟ್ ಇಲ್ಲ, ಯಾರೂ ತಡೆಯುವುದಿಲ್ಲ. ಆದರೆ ತಪಾಸಣೆಯವರು ಬಂದಾಗ ಮುದ್ರೆ ಇಲ್ಲದಿದ್ದರೆ ದಂಡ. U1 ಸಾಲಿನಲ್ಲಿ ನಾಲ್ಕನೇ ನಿಲ್ದಾಣ ಸ್ಟೆಫಾನ್ಸ್‌ಪ್ಲಾಟ್ಸ್. ಮೇಲೆ ಬಂದರೆ ಎದುರಿಗೇ ಸಂತ ಸ್ಟೀಫನ್ ಕೆಥೆಡ್ರಲ್. ದಕ್ಷಿಣ ಗೋಪುರ 136 ಮೀಟರ್, ಹತ್ತಲು 343 ಮೆಟ್ಟಿಲು. ಹತ್ತಲಾಗದವರಿಗೆ ಉತ್ತರ ಗೋಪುರಕ್ಕೆ ಲಿಫ್ಟ್ ಇದೆ, ದೊಡ್ಡ ಗಂಟೆ ಪುಮ್ಮರಿನ್ ಇರುವುದೂ ಅಲ್ಲೇ.

ಷೋನ್‌ಬ್ರುನ್ ಅರಮನೆ ನೋಡುವುದಾದರೆ ಟಿಕೆಟ್ ನಮ್ಮ ಊರಿನಿಂದಲೇ ಆನ್‌ಲೈನ್‌ನಲ್ಲಿ ತೆಗೆಯಿರಿ. ಒಳಹೋಗುವ ಸಮಯ ಟಿಕೆಟ್ ಮೇಲೇ ಇರುತ್ತದೆ. ಅರಮನೆಯಲ್ಲಿ 1,441 ಕೋಣೆ, ತೋರಿಸುವುದು ಕೆಲವನ್ನು ಮಾತ್ರ. 1762ರಲ್ಲಿ ಆರು ವರ್ಷದ ಮೊಜಾರ್ಟ್ ಮಹಾರಾಣಿ ಮರಿಯಾ ಥೆರೇಸಾ ಮುಂದೆ ನುಡಿಸಿದ್ದು ಈ ಅರಮನೆಯಲ್ಲೇ. ಷ್ವೇಡೆನ್‌ಪ್ಲಾಟ್ಸ್‌ನಲ್ಲಿ U4 ಹಿಡಿದರೆ ನೇರ ಹೋಗುತ್ತದೆ. ಟಿಕೆಟ್ ಸಿಗದಿದ್ದರೂ ಹೋಗಿ, ಹಿಂದಿನ ತೋಟ ಉಚಿತ.

ಮಧ್ಯಾಹ್ನಕ್ಕೆ ಒಂದು ಕಾಫಿ ಹೌಸ್. ಮೆಲಾಂಜ್ ಕೇಳಿ, ಹಾಲು ಬೆರೆಸಿದ ಕಾಫಿ. ಸಣ್ಣ ಬೆಳ್ಳಿ ಬಣ್ಣದ ತಟ್ಟೆಯಲ್ಲಿ ಕಾಫಿ ಜೊತೆ ಒಂದು ಗ್ಲಾಸ್ ನೀರು, ಗ್ಲಾಸಿನ ಬಾಯಿ ಮೇಲೆ ಚಮಚ ಬೋರಲು. ಒಂದು ಕಾಫಿಗೆ ಎರಡು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಬಿಲ್ ಕೇಳಿದರೆ ಮಾತ್ರ ತರುತ್ತಾರೆ, ಸುಮ್ನೆ ಕಾಯಬೇಡಿ. ಬೀದಿಯ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಬುಗ್ಗೆಗಳಿಂದ ಬರುತ್ತದೆ, ಬಾಟಲಿ ತುಂಬಿಸಿಕೊಳ್ಳಿ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ನಾಷ್‌ಮಾರ್ಕ್ಟ್ ಸಂತೆಯೂ ಸೇರಿ.

ಸಂಜೆಗೆ ಹಡಗಿನಲ್ಲೇ ಮೊಜಾರ್ಟ್, ಸ್ಟ್ರೌಸ್ ಕಛೇರಿಯ ಟಿಕೆಟ್ ಮಾರುತ್ತಾರೆ. ಅದು ಪ್ರವಾಸಿಗಳಿಗೆಂದೇ ಮಾಡುವ ಕಾರ್ಯಕ್ರಮ. ಕೆಟ್ಟದ್ದೇನಲ್ಲ, ದುಬಾರಿ ಅಷ್ಟೇ. ಸೆಪ್ಟೆಂಬರ್‌ನಿಂದ ಜೂನ್ ನಡುವೆ ಹೋದವರು, ನಿಲ್ಲುವ ಶಕ್ತಿ ಇದ್ದರೆ, ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ಪ್ರಯತ್ನಿಸಿ. ಬಲು ಕಡಿಮೆ ದರ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ರಜೆ.

ಬ್ರಾಟಿಸ್ಲಾವಾ: ಮೂರು ಗಂಟೆ, ನಡಿಗೆ

ವಿಯೆನ್ನಾದಿಂದ ಸುಮಾರು 60 ಕಿಲೋಮೀಟರ್. ಊರಿಗೆ ಬರುವ ಸ್ವಲ್ಪ ಮೊದಲು ಎಡಕ್ಕೆ, ಮೊರಾವಾ ನದಿ ಸೇರುವ ಕಡೆ ಬಂಡೆಯ ಮೇಲೆ ಡೆವಿನ್ ಪಾಳುಕೋಟೆ. 1989ರವರೆಗೆ ಇಲ್ಲಿನ ದಡದಲ್ಲಿ ಮುಳ್ಳುತಂತಿ ಇತ್ತು, ಆಚೆ ದಡ ಆಸ್ಟ್ರಿಯಾ.

ಹಡಗು ನಿಲ್ಲುವುದು ಹಳೇ ಊರಿನ ಪಕ್ಕದಲ್ಲೇ. ಮ್ಯಾನ್‌ಹೋಲ್‌ನಿಂದ ತಲೆ ಹೊರಹಾಕಿ ನಗುವ ಚುಮಿಲ್ ಕಂಚಿನ ಮೂರ್ತಿಯ ಸುತ್ತ ಯಾವಾಗಲೂ ಜನ. ಅಲ್ಲಿಂದ ಮುಖ್ಯ ಚೌಕ, ಮೈಕೆಲ್ ಗೇಟ್, ಸಂತ ಮಾರ್ಟಿನ್ ಕೆಥೆಡ್ರಲ್. 1563ರಿಂದ 1830ರವರೆಗೆ ಹಂಗೇರಿಯ ರಾಜರಿಗೆ ಪಟ್ಟಾಭಿಷೇಕ ಆಗುತ್ತಿದ್ದದ್ದು ಈ ಚರ್ಚಿನಲ್ಲೇ, ಯಾಕಂದರೆ ಬುಡಾ ಆಗ ಆಟೋಮನ್ ತುರ್ಕರ ಕೈಯಲ್ಲಿತ್ತು. ಅವರು ಹೋದ ಮೇಲೂ ರೂಢಿ ಮುಂದುವರಿಯಿತು. ಮೆರವಣಿಗೆ ಹೋದ ದಾರಿಯಲ್ಲಿ ನೆಲಕ್ಕೆ ಸಣ್ಣ ಕಿರೀಟದ ಗುರುತು ಹಾಕಿದ್ದಾರೆ. ಅದನ್ನೇ ಹಿಡಿದು ನಡೆದರೆ ಗೈಡ್ ಬೇಕಿಲ್ಲ. ಬೆಟ್ಟದ ಮೇಲಿನ ಅರಮನೆಯನ್ನು ಊರಿನವರೇ ತಲೆಕೆಳಗಾದ ಮೇಜು ಅನ್ನುತ್ತಾರೆ. ಹೊರಗಿನಿಂದ ನೋಟ ನೋಡಿ ಬನ್ನಿ, ಒಳಗೆ ಹೋಗಲೇಬೇಕು ಅಂತಿಲ್ಲ. ಬ್ರಿಂಡ್ಜೋವೆ ಹಲುಷ್ಕಿ ಅನ್ನುವ ಕುರಿ ಚೀಸಿನ ತಿಂಡಿ ಚೆನ್ನಾಗಿರುತ್ತದೆ, ಸಸ್ಯಾಹಾರಿಗಳು ಮೇಲೆ ಹಂದಿ ಮಾಂಸದ ಚೂರು ಹಾಕಬೇಡಿ ಅಂತ ಮೊದಲೇ ಹೇಳಿ.

ಬುಡಾಪೆಸ್ಟ್: ಮೊದಲು ಬಸ್, ಆಮೇಲೆ ನೀವೇ

ಹಡಗು ಕತ್ತಲಾದ ಮೇಲೆ ಊರೊಳಗೆ ಬರುವಂತಿದ್ದರೆ ಎಲ್ಲ ಬಿಟ್ಟು ಡೆಕ್‌ಗೆ ಹೋಗಿ. ಎಡಕ್ಕೆ ಪೆಸ್ಟ್, ಬಲಕ್ಕೆ ಬುಡಾ. ಮಾರ್ಗರೆಟ್ ಸೇತುವೆ ದಾಟಿದ ಕೂಡಲೇ ಎಡಕ್ಕೆ ಪಾರ್ಲಿಮೆಂಟ್, 268 ಮೀಟರ್ ಉದ್ದಕ್ಕೂ ದೀಪ. ಮುಂದೆ 1849ರ ಚೈನ್ ಸೇತುವೆ. ಹಗಲಲ್ಲೇ ಬಂದರೆ ರಾತ್ರಿ ಊರಿನ ಸುತ್ತ ಒಂದು ಸುತ್ತು ಹೊಡೆಸುತ್ತಾರಾ ಅಂತ ರಿಸೆಪ್ಷನ್‌ನಲ್ಲಿ ಕೇಳಿ.

ವಿಯೆನ್ನಾದಲ್ಲಿ ಬಸ್ ಟೂರ್ ಬೇಡ ಅಂದೆ. ಇಲ್ಲಿ ಬೇಕು. ಊರು ದೊಡ್ಡದು, ಅರ್ಧ ಬೆಟ್ಟದ ಮೇಲಿದೆ, ಕೇಬಲ್ ಗಾಡಿಗೆ ಉದ್ದ ಸಾಲು. ಬೆಳಗಿನ ಬಸ್ ಟೂರ್ ಹೀರೋಸ್ ಚೌಕ ತೋರಿಸಿ ಬುಡಾ ಬೆಟ್ಟಕ್ಕೆ ಹತ್ತಿಸುತ್ತದೆ. ಮಥಿಯಾಸ್ ಚರ್ಚು, ಫಿಷರ್‌ಮನ್ಸ್ ಬಾಸ್ಟಿಯನ್ ಅಲ್ಲೇ ಇವೆ. ಬಾಸ್ಟಿಯನ್‌ನ ಕೆಳಗಿನ ತಾರಸಿಯಿಂದಲೂ ಅದೇ ನೋಟ, ಟಿಕೆಟ್ ಇಲ್ಲದೆ.

ಮಧ್ಯಾಹ್ನದಿಂದ ಟ್ರಾಮ್ 2 ನಿಮ್ಮದು. ಪೆಸ್ಟ್ ದಡದ ಉದ್ದಕ್ಕೂ ಹೋಗುತ್ತದೆ. ಒಂದು ಕಡೆ 1897ರ ದೊಡ್ಡ ಮಾರ್ಕೆಟ್ ಹಾಲ್, ಇನ್ನೊಂದು ಕಡೆ ಪಾರ್ಲಿಮೆಂಟ್. ಮಾರ್ಕೆಟ್‌ನಲ್ಲಿ ಪ್ಯಾಪ್ರಿಕಾ ಕೊಳ್ಳುವಾಗ ಪೊಟ್ಟಣದ ಮೇಲೆ ನೋಡಿ: ಎಡೇಷ್ ಅಂದರೆ ಖಾರವಿಲ್ಲದ್ದು, ಚೀಪೋಷ್ ಅಂದರೆ ಖಾರದ್ದು. ನಮ್ಮ ಬ್ಯಾಡಗಿ ತಿಂದವರಿಗೆ ಅವರ ಖಾರ ಏನೂ ಅಲ್ಲ. ಲಾಂಗೋಷ್ ಅಂದರೆ ಕರಿದ ರೊಟ್ಟಿ, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ಚೀಸ್. ಭಾನುವಾರ ಮಾರ್ಕೆಟ್ ಇಲ್ಲ.

ಪಾರ್ಲಿಮೆಂಟ್ ಒಳಗೆ ನೋಡಲು ವಾರಗಳ ಮೊದಲೇ ಆನ್‌ಲೈನ್ ಟಿಕೆಟ್ ಬೇಕು. ಯುರೋಪಿಯನ್ ಒಕ್ಕೂಟದವರಿಗೆ ಒಂದು ದರ, ನಮಗೆ ಹೆಚ್ಚಿನ ದರ. 65 ದಾಟಿದವರಿಗೆ ಬಸ್, ಟ್ರಾಮ್ ಉಚಿತ ಅನ್ನುವ ಮಾತೂ ಅವರ ಪ್ರಜೆಗಳಿಗೇ. ಭಾರತದ ಪಾಸ್‌ಪೋರ್ಟ್ ಇರುವ ಹಿರಿಯರು ಟಿಕೆಟ್ ತೆಗೆದುಕೊಳ್ಳಲೇಬೇಕು.

ಪಾರ್ಲಿಮೆಂಟ್‌ನಿಂದ ದಡದಲ್ಲೇ ದಕ್ಷಿಣಕ್ಕೆ ಸ್ವಲ್ಪ ನಡೆದರೆ ನೀರಿನ ಅಂಚಿಗೆ ಕಬ್ಬಿಣದ ಬೂಟುಗಳು, 60 ಜೊತೆ. 1944–45ರ ಚಳಿಗಾಲದಲ್ಲಿ ನಾಜಿಗಳ ಜೊತೆಗಿದ್ದ ಹಂಗೇರಿಯ ಆರೋ ಕ್ರಾಸ್ ಪಡೆಯವರು ಯಹೂದಿಗಳನ್ನು ಇಲ್ಲಿ ಸಾಲಾಗಿ ನಿಲ್ಲಿಸಿ, ಬೂಟು ಬಿಚ್ಚಿಸಿ, ಗುಂಡಿಟ್ಟು ನದಿಗೆ ಬೀಳಿಸಿದರು. ಬೂಟಿಗೆ ಆಗ ಬೆಲೆ ಇತ್ತು. ಸ್ಮಾರಕ ಇಟ್ಟದ್ದು 2005ರಲ್ಲಿ. ಅದರಲ್ಲಿ ಮಕ್ಕಳ ಬೂಟುಗಳೂ ಇವೆ. ಅಲ್ಲಿ ಸೆಲ್ಫಿ ಬೇಡ.

ಕಾಲು ನೋವಿಗೆ ಔಷಧಿ ಬೇಕಿದ್ದರೆ ಸೇಚೆನಿ ಬಿಸಿನೀರಿನ ಸ್ನಾನಗೃಹ. 1913ರದು. ಮೆಟ್ರೋ 1ನೇ ಸಾಲಿನಲ್ಲಿ ಹೋಗಿ, ಆ ಸಾಲೇ 1896ರಷ್ಟು ಹಳೆಯದು. ಈಜುಡುಪು, ಟವೆಲ್, ಚಪ್ಪಲಿ ನಿಮ್ಮದೇ ಇರಲಿ, ಅಲ್ಲಿ ದುಬಾರಿ. ಸೀರೆ, ಚೂಡಿದಾರ್‌ನಲ್ಲಿ ಕೊಳಕ್ಕೆ ಬಿಡುವುದಿಲ್ಲ. ಮೊಣಕಾಲವರೆಗಿನ ಈಜುಡುಪು ಬೆಂಗಳೂರಿನಲ್ಲೇ ಕೊಂಡು ಹೋಗಿ.

ಹಡಗು ಬಿಡುವ ದಿನ

ಹಂಗೇರಿಯಲ್ಲಿ ಯೂರೋ ಅಲ್ಲ, ಫೋರಿಂಟ್. ಎಟಿಎಂ ಬಳಸುವಾಗ ಬ್ಯಾಂಕಿನ ಗೋಡೆಯಲ್ಲಿರುವುದನ್ನೇ ಹುಡುಕಿ. ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ?’ ಅಂತ ಯಂತ್ರ ಕೇಳಿದರೆ ಬೇಡ ಅನ್ನಿ, ಆ ದರ ಯಾವಾಗಲೂ ನಿಮಗೆ ನಷ್ಟ.

ಕೊನೆಯ ರಾತ್ರಿ ಹಡಗಿನ ಲೆಕ್ಕ ಮುಗಿಸಿ. ಟಿಪ್ಸ್ ಟಿಕೆಟ್‌ನಲ್ಲೇ ಸೇರಿದೆಯಾ ಅಂತ ಮೊದಲು ಕೇಳಿ. ಬೆಳಿಗ್ಗೆ ಬೇಗನೆ ಕ್ಯಾಬಿನ್ ಬಿಡಬೇಕು. ವಿಮಾನ ಸಂಜೆಗಿದ್ದರೆ ಸೂಟ್‌ಕೇಸ್ ಹಡಗಿನಲ್ಲಿ ಇಟ್ಟುಕೊಳ್ಳುತ್ತಾರಾ ವಿಚಾರಿಸಿ, ಮುಂದಿನ ಪ್ರಯಾಣಿಕರು ಬರುವವರೆಗೆ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ವಿಮಾನ ನಿಲ್ದಾಣಕ್ಕೆ ದೆಯಾಕ್ ಚೌಕದಿಂದ 100E ಬಸ್ ಇದೆ. ದಿನದ ಸಾಮಾನ್ಯ ಟಿಕೆಟ್ ಅದಕ್ಕೆ ನಡೆಯುವುದಿಲ್ಲ, ಬೇರೆ ಟಿಕೆಟ್ ತೆಗೆಯಬೇಕು. ಜಾಮ್ ಬಾಟಲಿ ಚೆಕ್‌ ಇನ್ ಸೂಟ್‌ಕೇಸ್‌ಗೆ ಹಾಕಿ, ಕೈಚೀಲದಲ್ಲಿ ಇದ್ದರೆ ಸೆಕ್ಯುರಿಟಿಯವರು ತೆಗೆದು ಬಿಸಾಡಬಹುದು. ಉಳಿದ ಫೋರಿಂಟ್ ನಾಣ್ಯಗಳನ್ನು ನಮ್ಮಲ್ಲಿ ಯಾರೂ ಬದಲಾಯಿಸಿ ಕೊಡುವುದಿಲ್ಲ. ವಿಮಾನ ಹತ್ತುವ ಮೊದಲು ಕಾಫಿಗೋ, ಚಾಕೊಲೇಟಿಗೋ ಮುಗಿಸಿಬಿಡಿ.